ಡ್ರೈವರ್ ಶಾಫ್ಟ್: ಅಕ್ಷರ ಕೊನೆಗೆ ನೋಡಿ

ಗಾಲ್ಫಿನಲ್ಲಿ ಚೆಂಡನ್ನು ದೂರಕ್ಕೆ ಹೊಡೆಯುವ ಕೋಲು ಡ್ರೈವರ್; ಚೆಂಡಿಗೆ ತಾಗುವ ಅದರ ತಲೆ ಹೆಡ್, ಹೆಡ್ಡಿನಿಂದ ಹಿಡಿಕೆಯವರೆಗಿನ ದಂಡ ಶಾಫ್ಟ್. ಡ್ರೈವರ್ ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, "ರೆಗ್ಯುಲರ್ ತಗೊಳ್ಳಲಾ, ಸ್ಟಿಫ್ ತಗೊಳ್ಳಲಾ?" ಶಾಫ್ಟಿನ ಮೇಲೆ ಅಚ್ಚಾದ ಆರ್ ಅಥವಾ ಎಸ್ ಅಕ್ಷರ ನೋಡಿಯೇ ಹತ್ತಾರು ಸಾವಿರ ರೂಪಾಯಿಯ ವ್ಯವಹಾರ ಮುಗಿದುಹೋಗುತ್ತದೆ. ಆದರೆ ಎಸ್ ಅಂದರೆ ಇಷ್ಟೇ ಬಾಗಬೇಕು ಎಂಬ ಒಪ್ಪಿತ ಅಳತೆ ಗಾಲ್ಫ್ ಉದ್ಯಮದಲ್ಲಿ ಇಲ್ಲವೇ ಇಲ್ಲ. ಒಂದು ಕಂಪನಿಯ ಎಸ್ ಇನ್ನೊಂದರ ಆರ್‌ಗಿಂತ ಮೆದುವಾಗಿರಬಹುದು. ಒಂದೇ ಕಂಪನಿಯ 50 ಗ್ರಾಂ ಎಸ್‌ಗೂ 70 ಗ್ರಾಂ ಎಸ್‌ಗೂ ಕೈಯಲ್ಲಿ ಹಿಡಿದರೆ ಅಜಗಜಾಂತರ. ಹಾಗಾಗಿ ಆಯ್ಕೆಯ ಕ್ರಮವನ್ನೇ ತಿರುಗಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಮೊದಲು ಉದ್ದ, ಆಮೇಲೆ ತೂಕ, ಅದಾದ ಮೇಲೆ ಬಾಗು, ಮಿಕ್ಕದ್ದೆಲ್ಲ ಕೊನೆಗೆ.

ಶಾಫ್ಟ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿದ್ದರೆ ಈ ಕ್ರಮ ಯಾಕೆ ಎಂಬುದೂ ಸ್ಪಷ್ಟವಾಗುತ್ತದೆ. ಚೆಂಡು ಮತ್ತು ಡ್ರೈವರಿನ ಮುಖ ಒಂದಕ್ಕೊಂದು ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡು. ಅಷ್ಟರಲ್ಲಿ ಶಾಫ್ಟ್ ಚೆಂಡನ್ನು "ಚಿಮ್ಮಿಸುವ" ಪ್ರಶ್ನೆಯೇ ಇಲ್ಲ. ಶಾಫ್ಟಿನ ಕೆಲಸವೆಲ್ಲ ಅದಕ್ಕಿಂತ ಮೊದಲೇ ಮುಗಿದಿರುತ್ತದೆ: ಹೆಡ್ಡನ್ನು ಚೆಂಡಿನ ಬಳಿಗೆ ಯಾವ ಜಾಗಕ್ಕೆ, ಯಾವ ಕೋನದಲ್ಲಿ, ಎಷ್ಟು ವೇಗದಲ್ಲಿ ತಂದು ನಿಲ್ಲಿಸಿತು ಎಂಬುದಷ್ಟೇ. ಡ್ರೈವರ್ ಹೆಡ್ಡಿನ ಗುರುತ್ವ ಕೇಂದ್ರ ಶಾಫ್ಟಿನ ಗೆರೆಯ ಮೇಲಿಲ್ಲ, ಅದರ ಹಿಂದಕ್ಕಿದೆ. ಸ್ವಿಂಗ್ ಕೆಳಗಿಳಿದು ವೇಗ ಏರಿದಾಗ ಆ ಭಾರ ಕೈಗಳ ನೇರಕ್ಕೆ ಬರಲು ಎಳೆಯುತ್ತದೆ. ಆ ಎಳೆತಕ್ಕೆ ಶಾಫ್ಟಿನ ತುದಿ ಗುರಿಯ ಕಡೆಗೆ ಮುಂದಕ್ಕೆ ಬಾಗುತ್ತದೆ, ಜೊತೆಗೆ ಹೆಡ್ಡಿನ ಟೋ (ಶಾಫ್ಟಿನಿಂದ ದೂರದ ತುದಿ) ನೆಲದ ಕಡೆಗೆ ತುಸು ಇಳಿಯುತ್ತದೆ. ಮುಂದಕ್ಕೆ ಬಾಗಿದಷ್ಟೂ ಲಾಫ್ಟ್, ಅಂದರೆ ಮುಖ ಮೇಲಕ್ಕೆ ವಾಲಿರುವ ಕೋನ, ಕೂಡುತ್ತದೆ. ಮೆದು ಶಾಫ್ಟಿನಲ್ಲಿ ಚೆಂಡು ಎತ್ತರಕ್ಕೆ ಹೋಗುತ್ತದೆ ಎಂಬ ಮಾತಿನ ಮೂಲ ಇದು. ಈ ಪರಿಣಾಮ ನಿಜ, ಆದರೆ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಮುಖದ ನಟ್ಟನಡುವೆ ಚೆಂಡು ತಾಗುವುದು, ತಾಗದಿರುವುದು ಇದಕ್ಕಿಂತ ಎಷ್ಟೋ ದೊಡ್ಡ ವಿಷಯ. ಅದನ್ನು ನಿರ್ಧರಿಸುವುದು ಉದ್ದ ಮತ್ತು ತೂಕ.

ಉದ್ದದಿಂದ ಶುರು ಮಾಡೋಣ. ನಿಯಮದ ಪ್ರಕಾರ ಡ್ರೈವರ್ 48 ಇಂಚು ಮೀರುವಂತಿಲ್ಲ. ದೊಡ್ಡ ಸ್ಪರ್ಧೆಗಳು ಬೇಕಿದ್ದರೆ 46 ಇಂಚಿನ ಮಿತಿ ಹಾಕಿಕೊಳ್ಳಬಹುದು ಎಂಬ ಸ್ಥಳೀಯ ನಿಯಮ 2022ರಿಂದ ಇದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಡ್ರೈವರುಗಳು 45.5ರಿಂದ 45.75 ಇಂಚು. ಉದ್ದ ಹೆಚ್ಚಿದರೆ ವೇಗ ಹೆಚ್ಚುತ್ತದೆ ಎಂಬುದು ಕಾಗದದ ಮೇಲೆ ಸರಿ. ವಾರಕ್ಕೊಂದು ಸಲ ಆಡುವವರ ಕೈಯಲ್ಲಿ ಅದೇ ಉದ್ದ ಚೆಂಡನ್ನು ಟೋಗೂ ಹೀಲ್‌ಗೂ (ಶಾಫ್ಟಿನ ಕಡೆಯ ತುದಿ) ಹರಡಿಬಿಡುತ್ತದೆ. ವೇಗದಲ್ಲಿ ಗಳಿಸಿದ್ದನ್ನು ತಪ್ಪು ತಾಗುವಿಕೆಯಲ್ಲಿ ಕಳೆದುಕೊಂಡ ಹಾಗೆ. ಟೋ ಕಡೆ ತಾಗಿದ ಚೆಂಡು ಎಡಕ್ಕೆ, ಹೀಲ್ ಕಡೆ ತಾಗಿದ್ದು ಬಲಕ್ಕೆ ತಿರುಗುವ ಗುಣ ಹೊಂದುತ್ತದೆ (ಬಲಗೈ ಆಟಗಾರರ ಲೆಕ್ಕ, ಮುಂದೆಯೂ ಹಾಗೆಯೇ). ಮುಖದ ಕೆಳಭಾಗಕ್ಕೆ ತಾಗಿದರೆ ಸ್ಪಿನ್, ಅಂದರೆ ಚೆಂಡು ಹಿಮ್ಮುಖವಾಗಿ ತಿರುಗುವ ವೇಗ, ಏರುತ್ತದೆ, ಮೇಲ್ಭಾಗಕ್ಕೆ ತಾಗಿದರೆ ಇಳಿಯುತ್ತದೆ.

ಇದನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಹಿಂಬದಿಯಲ್ಲಿ ಒಂದು ದಪ್ಪ ಚುಕ್ಕಿ ಇಟ್ಟು, ಆ ಚುಕ್ಕಿ ಡ್ರೈವರ್ ಮುಖಕ್ಕೆ ಎದುರಾಗುವಂತೆ ಟೀ ಮೇಲೆ ಕೂರಿಸಿ ಹೊಡೆಯಿರಿ. ಶಾಯಿ ಮುಖಕ್ಕೆ ಅಂಟಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು, ಒರೆಸಿ, ಮತ್ತೊಂದು ಹೊಡೆಯಿರಿ. ಹೀಗೆ ಹತ್ತು ಚೆಂಡು ಪೂರ್ತಿ ಉದ್ದಕ್ಕೆ ಹಿಡಿದು, ಹತ್ತು ಚೆಂಡು ಗ್ರಿಪ್ಪಿನಲ್ಲಿ ಒಂದು ಇಂಚು ಕೆಳಗೆ ಹಿಡಿದು. ಎರಡನೆಯ ಹತ್ತರ ಗುರುತುಗಳು ಒತ್ತಾಗಿ ನಡುವಿಗೆ ಬಂದಿದ್ದರೆ ನಿಮ್ಮ ಡ್ರೈವರ್ 45 ಇಂಚು ಅಥವಾ ಅದಕ್ಕೂ ಕಡಿಮೆ ಇರಬೇಕು ಎಂದರ್ಥ. ಶಾಫ್ಟಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಈ ಪರೀಕ್ಷೆ ಮುಗಿದಿರಬೇಕು.

ಅಳೆಯುವಾಗ ಡ್ರೈವರನ್ನು ಆಡುವ ಭಂಗಿಯಲ್ಲಿ ನೆಲಕ್ಕಿಟ್ಟು, ಹೀಲ್ ನೆಲಕ್ಕೆ ತಾಗುವ ಜಾಗದಿಂದ ಶಾಫ್ಟಿನ ಹಿಂಬದಿಯುದ್ದಕ್ಕೂ ಗ್ರಿಪ್ಪಿನ ತುದಿಯವರೆಗೆ ಅಳೆಯಬೇಕು. ಹೆಡ್ಡಿನ ಕುತ್ತಿಗೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಉದ್ದ ಕಡಿಮೆ ಮಾಡಿದರೆ ಇನ್ನೊಂದು ಸಮಸ್ಯೆ ಏಳುತ್ತದೆ, ಅದನ್ನು ಅನೇಕರು ಮರೆಯುತ್ತಾರೆ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ತೂಕ (ಬೀಸುವಾಗ ಹೆಡ್ ಎಷ್ಟು ಭಾರವೆನಿಸುತ್ತದೆ ಎಂಬುದರ ಅಳತೆ; ಸಿ9ರ ಮುಂದಿನ ಅಂಕ ಡಿ0) ಸುಮಾರು ಮೂರು ಅಂಕ ಇಳಿಯುತ್ತದೆ, ಅಂದರೆ ಡಿ2 ಇದ್ದದ್ದು ಸಿ9ಕ್ಕೆ ಬರುತ್ತದೆ. ಹೆಡ್ ಎಲ್ಲಿದೆ ಎಂಬುದೇ ಕೈಗೆ ತಿಳಿಯದ ಹಾಗಾಗಿ, ಸ್ವಿಂಗ್ ಅವಸರಕ್ಕೆ ಬೀಳುತ್ತದೆ. ಹೆಡ್ಡಿಗೆ ಸುಮಾರು 2 ಗ್ರಾಂ ಸೇರಿಸಿದರೆ ಒಂದು ಅಂಕ ವಾಪಸು. ಹಾಗಾಗಿ ಅರ್ಧ ಇಂಚು ಕತ್ತರಿಸಿದವರು ಸೀಸದ ಟೇಪಿನಲ್ಲೋ, ಹೆಡ್ಡಿನ ಭಾರದ ಸ್ಕ್ರೂ ಬದಲಿಸಿಯೋ 5ರಿಂದ 6 ಗ್ರಾಂ ಕೂಡಿಸಬೇಕು. ಗ್ರಿಪ್ ಬದಲಿಸುವಾಗಲೂ ಗಮನವಿರಲಿ. ಮಾಮೂಲಿ ಗ್ರಿಪ್ 50 ಗ್ರಾಂ ಆಸುಪಾಸು. ಅದಕ್ಕಿಂತ 5 ಗ್ರಾಂ ಹೆಚ್ಚಿನದನ್ನು ಹಾಕಿದರೆ ಸ್ವಿಂಗ್ ತೂಕ ಒಂದು ಅಂಕ ಇಳಿದಂತೆ ತೋರುತ್ತದೆ.

ಇನ್ನು ಶಾಫ್ಟಿನ ತೂಕ. ಇಂದಿನ ಗ್ರಾಫೈಟ್ ಡ್ರೈವರ್ ಶಾಫ್ಟುಗಳು ಸುಮಾರು 40 ಗ್ರಾಂನಿಂದ 80 ಗ್ರಾಂವರೆಗೆ ಸಿಗುತ್ತವೆ. ಹೆಸರಿನ ಜೊತೆಗೆ ಬರುವ 5, 6, 7 ಎಂಬ ಅಂಕಿ ಸಾಮಾನ್ಯವಾಗಿ ಐವತ್ತರ, ಅರವತ್ತರ, ಎಪ್ಪತ್ತರ ತೂಕದ ಗುಂಪನ್ನು ಹೇಳುತ್ತದೆ. ಅದು ಕತ್ತರಿಸುವ ಮೊದಲಿನ ತೂಕ ಎಂಬುದು ನೆನಪಿರಲಿ. ಇಡೀ ಡ್ರೈವರ್ 300ರಿಂದ 320 ಗ್ರಾಂ ಇರುವಾಗ ಹತ್ತು ಗ್ರಾಂ ಏನು ಮಹಾ ಎನ್ನಿಸಬಹುದು. ಆ ಹತ್ತು ಗ್ರಾಂ ಒಂದೂಕಾಲು ಗಜ ಉದ್ದಕ್ಕೂ ಹರಡಿಕೊಂಡಿದೆ, ಅದನ್ನು ಕಾಲು ಸೆಕೆಂಡಿನಲ್ಲಿ ಮೇಲಿಂದ ಕೆಳಗೆ ತರಬೇಕು.

ನಮ್ಮ ಜಿಲ್ಲೆಯ ಅಡಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಯ್ಲಿಗೂ ಔಷಧಿ ಸಿಂಪಡಣೆಗೂ ಬಂದಿರುವ ಕಾರ್ಬನ್ ಫೈಬರ್ ದೋಟಿ ಕೊಳ್ಳುವಾಗ ಅವರು ಮೊದಲು ಎತ್ತಿ ನೋಡುತ್ತಾರೆ, ಆಮೇಲೆ ತುದಿ ಎಷ್ಟು ಓಲಾಡುತ್ತದೆ ಎಂದು ನೋಡುತ್ತಾರೆ. ಅತಿ ಹಗುರವಾದರೆ ತುದಿ ಹೇಳಿದ ಮಾತು ಕೇಳುವುದಿಲ್ಲ. ಭಾರವಾದರೆ ಮಧ್ಯಾಹ್ನದ ಹೊತ್ತಿಗೆ ತೋಳು ಸೋಲುತ್ತದೆ. ಶಾಫ್ಟೂ ಅದೇ ನಾರಿನಿಂದಾದದ್ದು, ಅದನ್ನು ಆರಿಸುವ ವಿವೇಕವೂ ಅದೇ.

ಹೆಡ್ಡಿನ ವೇಗ ಗಂಟೆಗೆ 85 ಮೈಲಿಗಿಂತ ಕಡಿಮೆ ಇರುವವರಿಗೆ 40ರಿಂದ 55 ಗ್ರಾಂ, 85ರಿಂದ 100ರೊಳಗಿನವರಿಗೆ 50ರಿಂದ 65, ಅದಕ್ಕೂ ಮೇಲಿನವರಿಗೆ 60ರಿಂದ 75 ಗ್ರಾಂ ಎಂದು ಶುರು ಮಾಡಬಹುದು. ಇದು ಹುಡುಕಾಟ ಶುರು ಮಾಡುವ ಜಾಗ ಮಾತ್ರ. ಅವಸರದಲ್ಲಿ ಕೆಳಗಿಳಿಸುವವರು, ಭುಜದಿಂದ ಎಳೆಯುವವರು ತಮ್ಮ ವೇಗಕ್ಕಿಂತ ಒಂದು ಹೆಜ್ಜೆ ಭಾರದ ಶಾಫ್ಟಿನಲ್ಲಿ ನೇರವಾಗುತ್ತಾರೆ. ಶಾಫ್ಟ್ ಭಾರವಾಯಿತು ಎಂಬುದಕ್ಕೆ ಗುರುತು ಮೊದಲ ಐದು ಹೊಡೆತದಲ್ಲಿ ಸಿಗುವುದಿಲ್ಲ. ಆಟದ ಕೊನೆಯ ಹೋಲ್‌ಗಳಲ್ಲಿ ಚೆಂಡು ಬಲಕ್ಕೆ ತಳ್ಳಿಕೊಂಡು ಹೋಗತೊಡಗಿದರೆ ಅಲ್ಲಿ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಬೆವರು ಸುರಿಸಿಕೊಂಡು ನಡೆದ ಮೇಲೆ ಆ ಪರೀಕ್ಷೆ ಇನ್ನೂ ಪ್ರಾಮಾಣಿಕವಾಗಿ ನಡೆಯುತ್ತದೆ. ಏಸಿ ಕೋಣೆಯಲ್ಲಿ ಹಿತವೆನಿಸಿದ 70 ಗ್ರಾಂ ಶಾಫ್ಟು ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನದ ಏರು ತಗ್ಗಿನಲ್ಲಿ ಎರಡು ಗಂಟೆ ಕಳೆದ ಮೇಲೂ ಹಿತವಾಗಿರಬೇಕು.

ಈಗ ಬಾಗು, ಅಂದರೆ ಫ್ಲೆಕ್ಸ್. ವೇಗ ಅಳೆಯಲು ಸಾಧನವಿಲ್ಲದಿದ್ದರೆ ಚೆಂಡು ಗಾಳಿಯಲ್ಲೇ ಸಾಗಿದ ದೂರವನ್ನು ಯಾರ್ಡಿನಲ್ಲಿ ತೆಗೆದುಕೊಂಡು 2.3ರಿಂದ ಭಾಗಿಸಿ. 207 ಯಾರ್ಡ್ ಹಾರಿದರೆ ವೇಗ ಸುಮಾರು 90 ಮೈಲಿ. ಉರುಳಿದ ದೂರ ಸೇರಿಸಬೇಡಿ. ಬೇಸಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಗಟ್ಟಿಯಾಗಿ ಚೆಂಡು ಧಾರಾಳವಾಗಿ ಉರುಳುತ್ತದೆ. ಆ ದೂರ ನಂಬಿದವರೇ ತಮ್ಮ ವೇಗಕ್ಕೆ ಮೀರಿದ ಗಟ್ಟಿ ಶಾಫ್ಟ್ ಕೊಳ್ಳುವುದು. ಸಾಮಾನ್ಯ ನಂಬಿಕೆಯಂತೆ 75ರಿಂದ 85 ಮೈಲಿಗೆ ಸೀನಿಯರ್ ಅಥವಾ ಎ, 85ರಿಂದ 95ಕ್ಕೆ ಆರ್, 95ರಿಂದ 105ಕ್ಕೆ ಎಸ್, ಅದರಾಚೆ ಎಕ್ಸ್. ಸೀನಿಯರ್ ಎಂಬ ಹೆಸರಿಗೆ ಮುಜುಗರಪಟ್ಟು ಆರ್ ಕೊಂಡವರು, ಆರ್‌ಗೆ ಮುಜುಗರಪಟ್ಟು ಎಸ್ ಕೊಂಡವರು ತುಂಬ ಜನ. ಚೆಂಡಿಗೆ ಅಕ್ಷರ ಓದಲು ಬರುವುದಿಲ್ಲ.

ಅಕ್ಷರಕ್ಕಿಂತ ಒಳ್ಳೆಯ ಅಳತೆ ಕಂಪನಾಂಕ. ಗ್ರಿಪ್ ಕಡೆಯನ್ನು ಬಿಗಿದು, ಹೆಡ್ ಕಡೆಯನ್ನು ಮೀಟಿ ಬಿಟ್ಟು, ನಿಮಿಷಕ್ಕೆ ಎಷ್ಟು ಸಲ ತೂಗುತ್ತದೆ ಎಂದು ಯಂತ್ರ ಎಣಿಸುತ್ತದೆ. ಡ್ರೈವರುಗಳಲ್ಲಿ ಇದು ಹೆಚ್ಚುಕಡಿಮೆ 230ರಿಂದ 280ರ ನಡುವೆ ಬರುತ್ತದೆ. ಬಿಗಿಯುವ ಉದ್ದ, ಹೆಡ್ಡಿನ ತೂಕ ಬದಲಾದರೆ ಅಂಕಿಯೂ ಬದಲಾಗುವುದರಿಂದ ಎರಡು ಶಾಫ್ಟನ್ನು ಒಂದೇ ಯಂತ್ರದಲ್ಲಿ, ಒಂದೇ ಉದ್ದದಲ್ಲಿ, ಒಂದೇ ಹೆಡ್ ಹಾಕಿ ಅಳೆದರೆ ಮಾತ್ರ ಹೋಲಿಕೆ ಸರಿ. ನಿಮಗೆ ಈಗಾಗಲೇ ಹಿತವಾಗಿರುವ ಹಳೆಯ ಡ್ರೈವರನ್ನು ಮೊದಲು ಅಳೆಸಿ. ಹೊಸದು ಅದರಿಂದ ಐದಾರು ಅಂಕದೊಳಗೆ ಇದ್ದರೆ ಅಕ್ಷರ ಏನೇ ಇರಲಿ, ಕೈಗೆ ಪರಿಚಿತವೆನಿಸುತ್ತದೆ.

ವೇಗ ಒಂದನ್ನೇ ನೋಡಿದರೂ ಸಾಲದು. ಬ್ಯಾಕ್‌ಸ್ವಿಂಗ್ ಮುಗಿದು ಕೆಳಗಿಳಿಯುವ ತಿರುವಿನಲ್ಲಿ ಶಾಫ್ಟ್ ಅತಿ ಹೆಚ್ಚು ಬಾಗುತ್ತದೆ. 95 ಮೈಲಿಯ ಇಬ್ಬರಲ್ಲಿ ಒಬ್ಬರು ಆ ತಿರುವಿನಲ್ಲಿ ಒಂದು ಕ್ಷಣ ನಿಂತಂತೆ ಮಾಡಿ ಇಳಿಸುತ್ತಾರೆ, ಇನ್ನೊಬ್ಬರು ಎಳೆದು ಬಡಿಯುತ್ತಾರೆ. ಮೊದಲನೆಯವರಿಗೆ ಆರ್ ಸಾಕು. ಎರಡನೆಯವರಿಗೆ ಎಸ್ ಬೇಕಾದೀತು, ಅದರಲ್ಲೂ ಗ್ರಿಪ್ ಕಡೆಯ ಭಾಗ ಗಟ್ಟಿಯಿರುವಂಥದು. ಮಣಿಕಟ್ಟನ್ನು ಕೊನೆಯವರೆಗೆ ಮಡಚಿ ಹಿಡಿದು ತಡವಾಗಿ ಬಿಡುವವರಿಗೆ ತುದಿಯ ಬಾಗು ಅನುಭವಕ್ಕೆ ಬರುತ್ತದೆ. ಆರಂಭದಲ್ಲೇ ಮಣಿಕಟ್ಟು ಬಿಚ್ಚಿಬಿಡುವವರಿಗೆ ತುದಿಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯವೇ ಕಡಿಮೆ. ಅವರು ಹಗುರ ಶಾಫ್ಟಿನಲ್ಲಿ ಗಳಿಸುವುದು ಜಾಸ್ತಿ. ತಿರುವನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿ, ಆದರೆ ಅದರಲ್ಲಿ ಕಾಣುವ ಶಾಫ್ಟಿನ ಬಾಗನ್ನು ನಂಬಬೇಡಿ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ವೇಗವಾಗಿ ಚಲಿಸುವ ನೇರ ಕೋಲೂ ಬಿಲ್ಲಿನಂತೆ ಕಾಣುತ್ತದೆ.

ಟಾರ್ಕ್ ಮತ್ತು ಕಿಕ್ ಪಾಯಿಂಟ್ ಬಗ್ಗೆ ಮಾರಾಟಗಾರರು ಹೇಳುವಷ್ಟು ಹೇಳಲು ನನಗೆ ಮನಸ್ಸಿಲ್ಲ. ಟಾರ್ಕ್ ಎಂದರೆ ಶಾಫ್ಟ್ ತಿರುಚಿಕೊಳ್ಳುವ ಪ್ರಮಾಣ, ಡಿಗ್ರಿಯಲ್ಲಿ. 3ರ ಆಸುಪಾಸಿನದು ಬಿಗಿ, 5ರ ಮೇಲಿನದು ಸಡಿಲ. ಹಗುರ, ಮೆದು ಶಾಫ್ಟಿನಲ್ಲಿ ಅದು ತಾನಾಗಿಯೇ ಹೆಚ್ಚಿರುತ್ತದೆ. ನಿಧಾನ ಸ್ವಿಂಗಿನವರು 3 ಡಿಗ್ರಿಯ ಶಾಫ್ಟ್ ಹಿಡಿದರೆ ಕೈಗೆ ಮರದ ದೊಣ್ಣೆಯ ಅನುಭವ, ಅಷ್ಟೆ. ಕಿಕ್ ಪಾಯಿಂಟ್, ಅಂದರೆ ಶಾಫ್ಟ್ ಅತಿ ಹೆಚ್ಚು ಬಾಗುವ ಜಾಗ, ಕೆಳಗಿದ್ದರೆ ಚೆಂಡು ತುಸು ಎತ್ತರ, ಮೇಲಿದ್ದರೆ ತುಸು ತಗ್ಗು. ಎರಡು ಶಾಫ್ಟುಗಳ ನಡುವೆ ಆ ಬಿಂದುವಿನ ವ್ಯತ್ಯಾಸವೇ ಒಂದೆರಡು ಇಂಚು. ಎತ್ತರ ಬೇಕಿದ್ದರೆ ಹೆಡ್ಡಿನ ಲಾಫ್ಟ್ ಒಂದು ಡಿಗ್ರಿ ಏರಿಸುವುದು ಸುಲಭ, ಅಗ್ಗ, ಖಚಿತ.

ಎರಡು ಶಾಫ್ಟ್ ಹೋಲಿಸಿ ನೋಡುವ ಕ್ರಮ ತಪ್ಪಿದರೆ ಮೇಲಿನದೆಲ್ಲ ವ್ಯರ್ಥ. ಒಂದೇ ಹೆಡ್, ಒಂದೇ ಲಾಫ್ಟ್, ಒಂದೇ ಉದ್ದ, ಒಂದೇ ಗ್ರಿಪ್, ಒಂದೇ ಜಾತಿಯ ಚೆಂಡು. ಹದಿನೈದು ಚೆಂಡು ಒಂದರಲ್ಲಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎರಡನೆಯದಕ್ಕೆ ಮೈ ಬಿಸಿಯೇರಿದ ಲಾಭವೋ ದಣಿದ ನಷ್ಟವೋ ಸೇರಿಬಿಡುತ್ತದೆ. ಐದು ಇದರಲ್ಲಿ, ಹತ್ತು ಅದರಲ್ಲಿ, ಮತ್ತೆ ಐದು ಇದರಲ್ಲಿ ಎಂದು ಅದಲುಬದಲು ಮಾಡಿ. ಆಮೇಲೆ ಅತಿ ದೂರ ಹೋದ ಚೆಂಡನ್ನು ಮರೆತುಬಿಡಿ. ಅತಿ ಎಡದ್ದಕ್ಕೂ ಅತಿ ಬಲದ್ದಕ್ಕೂ ನಡುವಿನ ಅಗಲ, ಮತ್ತು ಅತಿ ಗಿಡ್ಡ ಹೊಡೆತ ಎಲ್ಲಿ ಬಿತ್ತು ಎಂಬುದು, ಇವೆರಡನ್ನು ಬರೆದಿಡಿ. ಐದು ಯಾರ್ಡ್ ಕಡಿಮೆ ಹೋದರೂ ಅಗಲ ಹದಿನೈದು ಯಾರ್ಡ್ ಕುಗ್ಗಿಸುವ ಶಾಫ್ಟೇ ಕೊಳ್ಳತಕ್ಕದ್ದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಡ್ರೈವರಿನಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಸಾಲಿನಲ್ಲಿ ಅವರಿದ್ದರು.

ಹೊಡೆತವನ್ನು ಅಳೆಯುವ ಯಂತ್ರವಾದ ಲಾಂಚ್ ಮಾನಿಟರ್ ಮುಂದೆ ನಿಂತವರು ಮೂರು ಅಂಕಿ ನೋಡಿದರೆ ಸಾಕು. ಚೆಂಡಿನ ವೇಗವನ್ನು ಹೆಡ್ಡಿನ ವೇಗದಿಂದ ಭಾಗಿಸಿದಾಗ ಬರುವ ಸ್ಮ್ಯಾಶ್ ಫ್ಯಾಕ್ಟರ್ 1.45ರ ಮೇಲಿದ್ದರೆ ತಾಗುವಿಕೆ ಚೆನ್ನಾಗಿದೆ, 1.50 ಹೆಚ್ಚುಕಡಿಮೆ ಅದರ ಮೇಲ್ಮಿತಿ. ಏರುವ ಕೋನ ಮತ್ತು ಹಿಮ್ಮುಖ ಸ್ಪಿನ್ ಉಳಿದೆರಡು: 90 ಮೈಲಿ ವೇಗಕ್ಕೆ 13ರಿಂದ 16 ಡಿಗ್ರಿ, ನಿಮಿಷಕ್ಕೆ 2,400ರಿಂದ 2,900 ಸುತ್ತು ಒಳ್ಳೆಯ ವಲಯ. ಸ್ಪಿನ್ 3,500 ದಾಟಿದರೆ ಶಾಫ್ಟಿನ ಮೇಲೆ ತಪ್ಪು ಹೊರಿಸುವ ಮೊದಲು ಮುಖದ ಮೇಲಿನ ಶಾಯಿ ಗುರುತು ನೋಡಿ. ಹೆಚ್ಚಿನ ಸಲ ಅದು ಕೆಳಗೆ, ಹೀಲ್ ಕಡೆಗೆ ಇರುತ್ತದೆ.

ಬೆಂಗಳೂರಿನಲ್ಲಿ ಫಿಟ್ಟಿಂಗ್ (ಡ್ರೈವರನ್ನು ತಮ್ಮ ಸ್ವಿಂಗಿಗೆ ಹೊಂದಿಸುವ ಕೆಲಸ) ಮಾಡಿಸಿ ಮಂಗಳೂರಿನಲ್ಲಿ ಆಡುವವರು ಇನ್ನೊಂದು ಲೆಕ್ಕ ಹಾಕಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿನ ಗಾಳಿ ತೆಳು. ಚೆಂಡು ಶೇಕಡಾ 3ರಿಂದ 4ರಷ್ಟು ಹೆಚ್ಚು ದೂರ ಹೋಗುತ್ತದೆ; ಅಲ್ಲಿ 220 ಯಾರ್ಡ್ ಹಾರಿದ್ದು ಇಲ್ಲಿ 212ರ ಹತ್ತಿರ. ದೂರ ಕಡಿಮೆಯಾಗುವುದು ಅಷ್ಟು ಮುಖ್ಯವಲ್ಲ. ದಟ್ಟ ಗಾಳಿಯಲ್ಲಿ ಅದೇ ಸ್ಪಿನ್ ಚೆಂಡನ್ನು ಹೆಚ್ಚು ಎತ್ತುತ್ತದೆ ಎಂಬುದೇ ಮುಖ್ಯ. ಅಲ್ಲಿ ಹದವಾಗಿ ಕಂಡ 3,000 ಸ್ಪಿನ್ನಿನ ಹೊಡೆತ ಇಲ್ಲಿ ಮಧ್ಯಾಹ್ನದ ಪಡುಗಾಳಿಗೆ ಎದುರಾದರೆ ಮೇಲೇರಿ ನಿಂತು ಬೀಳುತ್ತದೆ. ಆದ್ದರಿಂದ ಸ್ಪಿನ್ನಿನಲ್ಲಿ ತುಸು ಕೆಳಗಿನ ಅಂಚಿಗೆ ಆರಿಸಿಕೊಳ್ಳಿ, ಅಂಕಿಗಳನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ತೋರಿಸಲು ಫಿಟ್ಟರಿಗೆ ಹೇಳಿ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಹತ್ತಿ ಹೋಗಿ, ಇಳಿದ ಬೆಳಿಗ್ಗೆಯೇ ಡ್ರೈವರ್ ಹಿಡಿದು ನಿಲ್ಲಬೇಡಿ. ನಿದ್ದೆಗೆಟ್ಟ ಮೈಯ ವೇಗಕ್ಕೆ ಹೊಂದಿಸಿದ ಶಾಫ್ಟು ಊರಿಗೆ ಬಂದ ಮೇಲೆ ಮೆದುವೆನಿಸುತ್ತದೆ.

ಮಳೆಗಾಲದ ಮಾತೇ ಬೇರೆ. ಆಟಿಯ ಮಳೆಗೆ ನೆನೆದ ಫೇರ್‌ವೇಯಲ್ಲಿ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ಆಗ ಎತ್ತರವೇ ದೂರ. ಬೇಸಗೆಗೊಂದು ಮಳೆಗಾಲಕ್ಕೊಂದು ಶಾಫ್ಟ್ ಬೇಡ, ಶಾಫ್ಟನ್ನು ಹೆಡ್ಡಿಗೆ ಜೋಡಿಸುವ, ತಿರುಗಿಸಬಹುದಾದ ಅಡಾಪ್ಟರಿನಲ್ಲಿ ಲಾಫ್ಟ್ ಒಂದು ಡಿಗ್ರಿ ಏರಿಸಿಕೊಳ್ಳಿ. ಆಟ ಶುರುವಾಗುವ ಮೊದಲೇ ಅದು ಮುಗಿದಿರಬೇಕು. ರೌಂಡಿನ ನಡುವೆ ತಿರುಗಿಸುವುದು ನಿಯಮಕ್ಕೆ ವಿರುದ್ಧ. ಲಾಫ್ಟ್ ಏರಿಸಿದಾಗ ಮುಖ ತುಸು ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಶಾಫ್ಟ್ ಹೊಂದುತ್ತಿಲ್ಲ ಎಂಬುದರ ಲಕ್ಷಣಗಳನ್ನು ಪಾಠದಂತೆ ಒಪ್ಪಿಸುವವರಿದ್ದಾರೆ: ಗಟ್ಟಿಯಾದರೆ ತಗ್ಗಾಗಿ ಬಲಕ್ಕೆ, ಮೆದುವಾದರೆ ಎತ್ತರವಾಗಿ ಎಡಕ್ಕೆ. ಹಲವರಲ್ಲಿ ಇದು ನಿಜ. ಆದರೆ ಗಟ್ಟಿ ಶಾಫ್ಟ್ ಹಿಡಿದವರು ಅದನ್ನು ಬಾಗಿಸಲೆಂದು ಇನ್ನಷ್ಟು ಬಲ ಹಾಕಿ ಎಡಕ್ಕೆ ಹುಕ್ ಹೊಡೆಯುವುದೂ ಉಂಟು, ಮೆದು ಶಾಫ್ಟಿಗೆ ಹೆದರಿ ಕೈ ತಡೆದು ಬಲಕ್ಕೆ ಬಿಡುವುದೂ ಉಂಟು. ಮೂವತ್ತು ಯಾರ್ಡ್ ಬಲಕ್ಕೆ ತಿರುಗುವ ಸ್ಲೈಸನ್ನು ಯಾವ ಶಾಫ್ಟೂ ವಾಸಿ ಮಾಡುವುದಿಲ್ಲ. ಅದು ಹೊರಗಿನಿಂದ ಒಳಕ್ಕೆ ಕೊಯ್ಯುವ ಸ್ವಿಂಗಿನ ಹಾದಿ ಮತ್ತು ತೆರೆದ ಮುಖದ ಕೆಲಸ. ಅಂಥವರು ಹೊಸ ಶಾಫ್ಟಿಗೆ ಇಟ್ಟ ಹಣವನ್ನು ಒಬ್ಬ ಒಳ್ಳೆಯ ಕೋಚ್‌ಗೆ ಕೊಡಲಿ, ಶಾಫ್ಟಿನ ವಿಚಾರ ಆರು ತಿಂಗಳು ಬಿಟ್ಟು ನೋಡಲಿ.

ಇನ್ನು ಕೂರಿಸುವ ಕೆಲಸ. ಡ್ರೈವರ್ ಶಾಫ್ಟಿನ ತುದಿ ಸಾಮಾನ್ಯವಾಗಿ 0.335 ಇಂಚು. ಅಡಾಪ್ಟರುಗಳು ಕಂಪನಿಗೊಂದು ಬಗೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅದೇ ಕಂಪನಿಯ ಹಳೆಯ ಮಾದರಿಯದ್ದೂ ಕೂರದಿರಬಹುದು. ಸೆಕೆಂಡ್ ಹ್ಯಾಂಡ್ ಶಾಫ್ಟ್ ಕೊಳ್ಳುವವರು ತುದಿಯನ್ನು ಉಗುರಿನಿಂದ ಒತ್ತಿ ನೋಡಿ. ನಾರು ಎದ್ದಿದ್ದರೆ, ಬಿರುಕಿನ ಗೆರೆ ಕಂಡರೆ, ತುದಿಯನ್ನು ಎಷ್ಟು ಕತ್ತರಿಸಿದ್ದಾರೆಂದು ಮಾರುವವರಿಗೇ ಗೊತ್ತಿಲ್ಲದಿದ್ದರೆ, ಬಿಟ್ಟುಬಿಡಿ. ತುದಿ ಕಡೆ ಅರ್ಧ ಇಂಚು ಹೋಗಿದ್ದರೂ ಶಾಫ್ಟ್ ಗಟ್ಟಿಯಾಗಿರುತ್ತದೆ. ಹೊಸ ಡ್ರೈವರಿನ ಜೊತೆಗೇ ಬರುವ ಶಾಫ್ಟ್, ಬಿಡಿಯಾಗಿ ಮಾರುವ ದುಬಾರಿ ಶಾಫ್ಟ್ ಎರಡರ ಮೇಲೂ ಒಂದೇ ಹೆಸರು, ಒಂದೇ ಬಣ್ಣ ಇದ್ದರೂ ಒಳಗಿನ ಪದರಗಳು ಬೇರೆ ಇರಬಹುದು. ತೂಕ ಮತ್ತು ಟಾರ್ಕ್ ಕೇಳಿ ತಿಳಿದುಕೊಳ್ಳಿ.

ಗ್ರಾಫೈಟನ್ನು ಪೈಪ್ ಕಟರಿನಿಂದ ಕತ್ತರಿಸಬಾರದು, ನಾರು ಜಜ್ಜಿಹೋಗುತ್ತದೆ. ಮಾಸ್ಕಿಂಗ್ ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸದಲ್ಲಿ ಶಾಫ್ಟನ್ನು ತಿರುಗಿಸುತ್ತ ಕತ್ತರಿಸಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೂಗಿಗೆ ಮಾಸ್ಕ್ ಇರಲಿ. ಅಡಾಪ್ಟರಿನೊಳಗೆ ಹೋಗುವಷ್ಟು ಭಾಗದ ಬಣ್ಣ ಮಾತ್ರ ಉಜ್ಜಿ ತೆಗೆಯಿರಿ, ನಾರಿಗೆ ತಾಗಿಸಬೇಡಿ. ಸ್ಪಿರಿಟ್‌ನಿಂದ ಒರೆಸಿ ಪೂರ್ತಿ ಒಣಗಿಸಿ, ಎರಡು ಟ್ಯೂಬಿನ ಎಪಾಕ್ಸಿಯನ್ನು ಹೇಳಿದ ಪ್ರಮಾಣದಲ್ಲೇ ಕಲಸಿ ಹಚ್ಚಿ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಗೋಡೆಯೇ ಬೆವರುತ್ತಿರುತ್ತದೆ. ತೇವ ಕುಳಿತ ಮೇಲ್ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಒಣ ಕೋಣೆಯಲ್ಲಿ ಕನಿಷ್ಠ 24 ಗಂಟೆ ಬಿಡಿ. ಅವಸರಕ್ಕೆ ಸಂಜೆಯೇ ಹೊಡೆದರೆ ಹೆಡ್ ಚೆಂಡಿನ ಹಿಂದೆಯೇ ಹಾರೀತು. ಹಳೆಯ ಶಾಫ್ಟ್ ಬಿಡಿಸುವಾಗ ಬಿಸಿ ಮಾಡಿ ತಿರುಚಿ ಎಳೆಯುವುದು ಗ್ರಾಫೈಟನ್ನು ಕೊಲ್ಲುತ್ತದೆ. ನೇರಕ್ಕೆ ಎಳೆಯುವ ಪುಲ್ಲರ್ ಇರುವವರ ಬಳಿಗೇ ಒಯ್ಯಿರಿ.

ಕರಾವಳಿಯಲ್ಲಿ ಗ್ರಾಫೈಟಿಗೆ ತುಕ್ಕಿನ ಭಯವಿಲ್ಲ, ಅಡಾಪ್ಟರಿನ ಸ್ಕ್ರೂಗೆ ಇದೆ. ತಿಂಗಳಿಗೊಮ್ಮೆ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಡ್ರೈವರಿನ ಜೊತೆ ಕೊಟ್ಟ ಟಾರ್ಕ್ ವ್ರೆಂಚಿನಿಂದ ಟಿಕ್ ಎನ್ನುವವರೆಗೆ ಮಾತ್ರ ಬಿಗಿ ಮಾಡಿ. ಉಪ್ಪುಗಾಳಿಗೆ ಕಚ್ಚಿಕೊಂಡ ಸ್ಕ್ರೂ ಬಲವಂತಕ್ಕೆ ಮುರಿದರೆ ಹೆಡ್ಡೇ ಹೋದ ಹಾಗೆ. ಬೇಸಗೆಯಲ್ಲಿ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ದಿನವಿಡೀ ಬೇಯಲು ಬಿಡಬೇಡಿ, ಶಾಖಕ್ಕೆ ಅಂಟು ಸೋಲುತ್ತ ಬರುತ್ತದೆ. ಗ್ರಿಪ್ಪನ್ನು ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ಉಜ್ಜಿ ತೊಳೆಯಿರಿ. ಬೆವರಿನ ಜಿಡ್ಡಿಗೆ ಜಾರುವ ಗ್ರಿಪ್ಪನ್ನು ಬಿಗಿಯಾಗಿ ಹಿಡಿಯುವ ಕೈ ಶಾಫ್ಟ್ ಎಷ್ಟೇ ಸರಿಯಿದ್ದರೂ ಸ್ವಿಂಗನ್ನು ಕಟ್ಟಿಹಾಕುತ್ತದೆ. ತುಂಬ ಬೆವರುವ ಕೈಯವರಿಗೆ ನೂಲು ಬೆರೆಸಿದ ಕಾರ್ಡ್ ಗ್ರಿಪ್ ಒಳ್ಳೆಯದು.

ಶಾಫ್ಟ್ ಕೂರಿಸಿಕೊಂಡು ಬರುವಾಗ ಅಂಗಡಿಯವರಿಂದ ಐದು ವಿವರ ಬರೆಸಿಕೊಳ್ಳಿ: ಕತ್ತರಿಸಿದ ಮೇಲಿನ ತೂಕ, ಕೊನೆಯ ಉದ್ದ, ತುದಿಯಿಂದ ತೆಗೆದದ್ದು ಎಷ್ಟು, ಸ್ವಿಂಗ್ ತೂಕ, ಕಂಪನಾಂಕ. ಹೆಡ್ ಹಳೆಯದಾಗಿ ಹೊಸದು ತರುವ ದಿನ ಆ ಚೀಟಿಯನ್ನೇ ಮುಂದಿಟ್ಟು ಮಾತು ಶುರು ಮಾಡಿ.